ಬೆಂಕಿಯೆಡೆಗೆ ನೀರಿನ ಪಯಣ

ಬೇಸಗೆಯ ನಡುಹಗಲು. ಊರಿನ ಅಂಚಿನಲ್ಲಿರುವ ಹುಲ್ಲಿನ ಬಣವೆಯೊಂದಕ್ಕೆ ಬೆಂಕಿ ತಗುಲುತ್ತದೆ. ಗಾಳಿಯ ಬೀಸಿಗೆ ಕಿಡಿಗಳು ಹಾರಿ ಪಕ್ಕದ ಮನೆಯ ಹುಲ್ಲಿನ ಸೂರನ್ನು ಮುಟ್ಟುತ್ತವೆ. ಕೂಗು ಕೇಳಿದ ಜನರು ಕೊಡ, ಬಿಂದಿಗೆ, ತಂಬಿಗೆ ಹೀಗೆ ಕೈಗೆ ಸಿಕ್ಕಿದ ಪಾತ್ರೆಗಳನ್ನು ಹಿಡಿದು ಬಾವಿಯತ್ತ ಓಡುತ್ತಾರೆ. ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡಗಳನ್ನು ದಾಟಿಸುತ್ತಾರೆ. ಬಾವಿಯಲ್ಲಿ ನೀರಿಗೆ ಬರವಿಲ್ಲ. ಜನರಲ್ಲಿ ಧೈರ್ಯಕ್ಕೆ ಕೊರತೆಯಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಸೂರು ಕುಸಿದು ಬೀಳುತ್ತದೆ. ಉರಿಯುತ್ತಿದ್ದುದು ಮೇಲಿನ ಸೂರು. ಎಸೆದ ನೀರು ಗೋಡೆಯ ಅರ್ಧದವರೆಗೆ ಏರಿ ನೆಲಕ್ಕೆ ಇಳಿದುಹೋಯಿತು. ಹತ್ತಿರ ಹೋಗಿ ಸುರಿಯೋಣವೆಂದರೆ ಝಳವು ಯಾರನ್ನೂ ಬಳಿಗೆ ಬಿಡಲಿಲ್ಲ.

‘ಬೆಂಕಿ ಬಿದ್ದಾಗ ಬಾವಿ ತೋಡಿದಂತೆ’ ಎಂಬ ಗಾದೆಯು ಮುಂದಾಲೋಚನೆಯಿಲ್ಲದವರನ್ನು ಹಳಿಯುತ್ತದೆ. ಆದರೆ ಬಾವಿಯನ್ನು ಮೊದಲೇ ತೋಡಿಟ್ಟಿದ್ದರೂ ಅಷ್ಟರಿಂದಲೇ ಬೆಂಕಿ ಆರುವುದಿಲ್ಲವೆಂಬುದನ್ನು ಮೇಲಿನ ಪ್ರಸಂಗ ತೋರಿಸುತ್ತದೆ. ನೀರು ಇರಬೇಕು, ಅದು ಬೆಂಕಿಯ ಬಳಿಗೆ ಹೋಗಬೇಕು, ತಕ್ಕಷ್ಟು ಪ್ರಮಾಣದಲ್ಲಿ, ತಕ್ಕಷ್ಟು ಒತ್ತಡದಿಂದ, ಉರಿಯುತ್ತಿರುವ ನೆಲೆಗೇ ಹೋಗಿ ಮುಟ್ಟಬೇಕು. ಅಗ್ನಿಶಾಮಕ ವಿದ್ಯೆಯ ಬಹುಭಾಗವು ನೀರಿನ ಈ ಪಯಣವನ್ನು ಕುರಿತದ್ದೇ ಆಗಿದೆ.

ನೀರು ಬೆಂಕಿಯನ್ನು ಆರಿಸುವುದು ಮುಖ್ಯವಾಗಿ ಅದರ ಶಾಖವನ್ನು ಕಸಿದುಕೊಳ್ಳುವುದರ ಮೂಲಕ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರುವ ಒಂದು ಲೀಟರ್ ನೀರು 100 ಡಿಗ್ರಿಗೆ ಕಾಯಬೇಕಾದರೆ 70 ಕಿಲೋಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಕುದಿಯುವ ಆ ನೀರು ಪೂರ್ತಿಯಾಗಿ ಆವಿಯಾಗಬೇಕಾದರೆ ಇನ್ನೂ ಸುಮಾರು 540 ಕಿಲೋಕ್ಯಾಲೊರಿ ಶಾಖ ಬೇಕು. ಈ ಎರಡನೆಯದಕ್ಕೆ ಗುಪ್ತೋಷ್ಣವೆಂದು ಹೆಸರು. ಎಂದರೆ, ಬೆಂಕಿಯಲ್ಲಿ ಆವಿಯಾದ ಒಂದು ಲೀಟರ್ ನೀರು, ಬರಿದೆ ಬಿಸಿಯಾಗಿ ಹರಿದುಹೋಗುವ ಎಂಟು ಲೀಟರಿಗಿಂತಲೂ ಹೆಚ್ಚಿನ ಕೆಲಸವನ್ನು ಮಾಡುತ್ತದೆ. ಆವಿಯಾದ ನೀರು 1,600 ಪಟ್ಟಿಗೂ ಮಿಗಿಲಾಗಿ ಹಿಗ್ಗಿ, ಬೆಂಕಿಗೆ ಬೇಕಾದ ಗಾಳಿಯನ್ನು ಅತ್ತಿತ್ತ ತಳ್ಳುವುದರಿಂದಲೂ ಸಹಾಯಕವಾಗುತ್ತದೆ. ಬೆಂಕಿಯ ನೆಲೆಯನ್ನು ಮುಟ್ಟದ ನೀರು ಎಷ್ಟೇ ಹೇರಳವಾಗಿದ್ದರೂ ಈ ಕೆಲಸವನ್ನು ಮಾಡಲಾರದು. ಉರಿಯುವ ಎಣ್ಣೆಯ ಮೇಲೆ, ವಿದ್ಯುತ್ ಹರಿಯುತ್ತಿರುವ ತಂತಿಗಳ ಮೇಲೆ ನೀರನ್ನು ಸುರಿಯುವುದು ಅಪಾಯಕರವೆಂಬುದನ್ನೂ ಇಲ್ಲಿಯೇ ನೆನಪಿಡಬೇಕು.

ನೀರನ್ನು ದೂರಕ್ಕೆ ಚಿಮ್ಮಿಸುವ ಉಪಾಯವನ್ನು ಮಾನವನು ಬಹು ಹಿಂದೆಯೇ ಅರಸಿದನು. ಹೋಳಿಯ ದಿನ ಮಕ್ಕಳು ಬಣ್ಣ ಎರಚುವ ಪಿಚಕಾರಿಯಲ್ಲಿ ಆ ಉಪಾಯದ ಮೂಲತತ್ತ್ವವಿದೆ. ಹಿಡಿಯನ್ನು ಹಿಂದಕ್ಕೆಳೆದರೆ ನೀರು ಒಳಗೆ ಬರುತ್ತದೆ. ಮುಂದಕ್ಕೊತ್ತಿದರೆ ಕಿರಿದಾದ ಬಾಯಿಂದ ರಭಸವಾಗಿ ಹೊರಡುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿದ್ದ ಟೆಸಿಬಿಯಸ್ ಎಂಬ ಗ್ರೀಕ್ ಕುಶಲಿಯು ಎರಡು ಉರುಳೆಗಳನ್ನೂ ಕವಾಟಗಳನ್ನೂ ಜೋಡಿಸಿದ ಒತ್ತುಪಂಪನ್ನು ರಚಿಸಿದನು. ಒಂದರಲ್ಲಿ ಪಿಸ್ಟನ್ ಮೇಲೇರುವಾಗ ಮತ್ತೊಂದರಲ್ಲಿ ಕೆಳಗಿಳಿಯುತ್ತಿದ್ದುದರಿಂದ ನೀರು ಹೆಚ್ಚು ಬಿಡುವಿಲ್ಲದೆ ಬರುತ್ತಿತ್ತು. ಆದರೆ ಇಂತಹ ಜ್ಞಾನವು ಯುರೋಪಿನಲ್ಲಿ ಬಹುಕಾಲ ಮರೆಯಾಯಿತು.

ಅದರ ಫಲವನ್ನು 1666ರ ಸೆಪ್ಟೆಂಬರಿನಲ್ಲಿ ಲಂಡನ್ ನಗರ ಅನುಭವಿಸಿತು. ರೊಟ್ಟಿ ಸುಡುವವನೊಬ್ಬನ ಮನೆಯಲ್ಲಿ ಹುಟ್ಟಿದ ಕಿಚ್ಚು ನಾಲ್ಕು ದಿನ ಉರಿದು 13,000ಕ್ಕೂ ಹೆಚ್ಚು ಮನೆಗಳನ್ನು ಬೂದಿ ಮಾಡಿತು. ಥೇಮ್ಸ್ ನದಿಯು ನಗರದ ಪಕ್ಕದಲ್ಲಿಯೇ ಹರಿಯುತ್ತಿತ್ತು. ಜನರ ಬಳಿ ಇದ್ದುದು ತೊಗಲಿನ ಬಕೆಟ್ಟುಗಳು, ಮನೆಗಳನ್ನು ಕೆಡವುವ ಕೊಕ್ಕೆಗಳು ಮತ್ತು ಮೂವರು ಸೇರಿ ಹಿಡಿಯಬೇಕಾಗಿದ್ದ ದೊಡ್ಡ ಪಿಚಕಾರಿಗಳು. ನದಿಯ ನೀರನ್ನು ನಗರಕ್ಕೆ ಎತ್ತುತ್ತಿದ್ದ, ಲಂಡನ್ ಸೇತುವೆಯ ಬಳಿಯ ಜಲಚಕ್ರಗಳು ಕೂಡ ಸುಟ್ಟುಹೋದವು. ಹರಿಯುವ ನದಿಯ ದಡದಲ್ಲಿಯೇ ಒಂದು ಮಹಾನಗರ ಉರಿದುಹೋಯಿತು.

ಇದಾದ ಆರು ವರ್ಷಗಳ ಬಳಿಕ, 1672ರಲ್ಲಿ, ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದಲ್ಲಿ ಮಹತ್ವದ ಬದಲಾವಣೆಯೊಂದು ಉಂಟಾಯಿತು. ಯಾನ್ ವಾನ್ ಡರ್ ಹೇಡನ್ ಎಂಬಾತನು ನಗರದೃಶ್ಯಗಳನ್ನು ಚಿತ್ರಿಸುವುದರಲ್ಲಿ ಹೆಸರಾದ ಕಲಾವಿದ. ಅವನು ತನ್ನ ಸೋದರನೊಡನೆ ಸೇರಿ, ಪಂಪಿಗೆ ಜೋಡಿಸಬಹುದಾದ ತೊಗಲಿನ ಉದ್ದನೆಯ ಕೊಳವೆಗಳನ್ನು ಬಳಕೆಗೆ ತಂದನು. ಅಲ್ಲಿಯವರೆಗೆ ಪಂಪಿನ ನಳಿಕೆಯು ಯಂತ್ರಕ್ಕೇ ಅಂಟಿಕೊಂಡಿರುತ್ತಿತ್ತು. ನೀರು ಬೆಂಕಿಯನ್ನು ಮುಟ್ಟಬೇಕಾದರೆ ಇಡೀ ಯಂತ್ರವನ್ನೇ ಉರಿಯ ಮುಂದಕ್ಕೆ ಎಳೆದೊಯ್ಯಬೇಕಾಗಿತ್ತು. ಕೊಳವೆ ಬಂದ ಮೇಲೆ ಪಂಪು ನೀರಿನ ಬಳಿ ನಿಲ್ಲುವುದು ಸಾಧ್ಯವಾಯಿತು; ನಳಿಕೆಯನ್ನು ಹಿಡಿದವನು ಮೆಟ್ಟಿಲೇರಿ ಉರಿಯುವ ಕೋಣೆಯ ಬಾಗಿಲಿಗೇ ಹೋಗುವುದು ಸಾಧ್ಯವಾಯಿತು. ಅಂದಿನಿಂದ ಪಂಪು ನಡೆಸುವವನೂ ನಳಿಕೆ ಹಿಡಿಯುವವನೂ ಬೇರೆ ಬೇರೆ ಎಡೆಗಳಲ್ಲಿ ನಿಲ್ಲುವಂತಾಯಿತು. ಒಬ್ಬನಿಗೆ ಬೆಂಕಿ ಕಾಣದು. ಮತ್ತೊಬ್ಬನಿಗೆ ಪಂಪು ಕಾಣದು. ಇಬ್ಬರನ್ನೂ ಬೆಸೆಯುವುದು ನೀರು ತುಂಬಿದ ಒಂದು ಕೊಳವೆ ಮಾತ್ರ. ಅಗ್ನಿಶಾಮಕ ಕಾರ್ಯದ ಅನೇಕ ನಿಯಮಗಳು ಈ ಅಗಲಿಕೆಯಿಂದಲೇ ಹುಟ್ಟಿದವು.

ಮುಂದೆ ಇಂಗ್ಲೆಂಡಿನ ರಿಚರ್ಡ್ ನ್ಯೂಶಾಮ್ 1720ರ ದಶಕದಲ್ಲಿ ಹಕ್ಕುಪತ್ರ ಪಡೆದ ಕೈಪಂಪಿನಲ್ಲಿ ವಾಯುಕೋಶವೊಂದಿತ್ತು. ಅದರೊಳಗೆ ಅದುಮಲ್ಪಟ್ಟ ಗಾಳಿಯು ನೀರನ್ನು ಎಡೆಬಿಡದೆ ಒತ್ತುತ್ತಿದ್ದುದರಿಂದ ಧಾರೆ ತುಂಡಾಗದೆ ಹೊಮ್ಮುತ್ತಿತ್ತು. 1829ರಲ್ಲಿ ಲಂಡನ್ನಿನಲ್ಲಿ ಬ್ರೇತ್‌ವೇಟ್ ಮತ್ತು ಎರಿಕ್‌ಸನ್ ಎಂಬುವರು ಉಗಿಯಿಂದ ನಡೆಯುವ ಪಂಪನ್ನು ಸಿದ್ಧಪಡಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ವಾಹನ ಬಂದಿತು. ವಾಹನವನ್ನು ಓಡಿಸುವ ಎಂಜಿನ್ನೇ ಪಂಪನ್ನೂ ತಿರುಗಿಸತೊಡಗಿತು. ಇಂದು ಅಗ್ನಿಶಾಮಕ ವಾಹನಗಳಲ್ಲಿ ಸಾಮಾನ್ಯವಾಗಿ ಇರುವುದು ಕೇಂದ್ರಾಪಗಾಮಿ ಪಂಪು.

ಮಳೆಯಲ್ಲಿ ನೆನೆದ ಕೊಡೆಯನ್ನು ಗರಗರನೆ ತಿರುಗಿಸಿದರೆ ಅದರ ಅಂಚಿನಿಂದ ಹನಿಗಳು ಸುತ್ತಲೂ ಸಿಡಿಯುತ್ತವೆ. ಕೇಂದ್ರಾಪಗಾಮಿ ಪಂಪಿನಲ್ಲಿ ನಡೆಯುವುದೂ ಇಂತಹುದೇ ಕ್ರಿಯೆ. ಬಿಗಿಯಾದ ಲೋಹದ ಗೂಡಿನೊಳಗೆ ಬಾಗಿದ ರೆಕ್ಕೆಗಳುಳ್ಳ ಚಕ್ರವೊಂದು ವೇಗವಾಗಿ ತಿರುಗುತ್ತದೆ. ಚಕ್ರದ ನಡುವಿಗೆ ಬಂದ ನೀರು ಅಂಚಿನತ್ತ ಎಸೆಯಲ್ಪಡುತ್ತದೆ. ಗೂಡಿನ ಆಕಾರವು ಆ ವೇಗವನ್ನು ಒತ್ತಡವಾಗಿ ಮಾರ್ಪಡಿಸುತ್ತದೆ. ಚಕ್ರದ ವೇಗ ಇಮ್ಮಡಿಯಾದರೆ ಅದು ಉಂಟುಮಾಡುವ ಒತ್ತಡ ನಾಲ್ಮಡಿಯಾಗುತ್ತದೆ. ಆದುದರಿಂದ ಪಂಪು ಚಾಲಕನು ಎಂಜಿನ್ನಿನ ವೇಗವನ್ನು ಹೆಚ್ಚಿಸುವಾಗ ಬಹು ಎಚ್ಚರದಿಂದಿರಬೇಕಾಗುತ್ತದೆ.

ಈ ಪಂಪಿಗೆ ಒಂದು ಕೊರತೆಯುಂಟು. ನೀರನ್ನು ಬಲವಾಗಿ ಎಸೆಯಬಲ್ಲ ಚಕ್ರವು ಹಗುರವಾದ ಗಾಳಿಯನ್ನು ಹೊರದೂಡಲಾರದು. ಕೆರೆಯಿಂದಲೋ ಬಾವಿಯಿಂದಲೋ ನೀರನ್ನು ಎತ್ತಬೇಕಾದಾಗ, ಹೀರುಕೊಳವೆಯಲ್ಲಿಯೂ ಪಂಪಿನಲ್ಲಿಯೂ ಇರುವ ಗಾಳಿಯನ್ನು ಮೊದಲು ಬೇರೊಂದು ಸಾಧನದಿಂದ ಹೊರತೆಗೆಯಬೇಕು. ಇದನ್ನು ಪ್ರೈಮಿಂಗ್ ಎನ್ನುತ್ತಾರೆ. ಗಾಳಿ ಹೊರಟುಹೋದೊಡನೆ ನೀರು ಕೊಳವೆಯಲ್ಲಿ ಮೇಲೇರುತ್ತದೆ. ಪಂಪು ನೀರನ್ನು ಎಳೆಯಿತೆಂದು ನೋಡುವವರಿಗೆ ತೋರುತ್ತದೆ. ನಿಜವಾಗಿ ನೀರನ್ನು ಮೇಲಕ್ಕೆ ನೂಕಿದ್ದು ಕೆರೆಯ ಮೇಲೆ ಒತ್ತುತ್ತಿರುವ ವಾಯುಮಂಡಲ.

ಈ ಸತ್ಯವನ್ನು ವಿವರಿಸಿದವನು ಗೆಲಿಲಿಯೋವಿನ ಶಿಷ್ಯನಾದ ಟಾರಿಚೆಲಿ. ಹೀರುವ ಪಂಪುಗಳು ಎಷ್ಟೇ ಚೆನ್ನಾಗಿದ್ದರೂ ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ಎತ್ತಲಾರವೆಂಬುದು ಇಟಲಿಯ ಕುಶಲಕರ್ಮಿಗಳಿಗೆ ಅನುಭವದಿಂದ ತಿಳಿದಿತ್ತು. 1643ರಲ್ಲಿ ಟಾರಿಚೆಲಿ ಅದರ ಕಾರಣವನ್ನು ಕಂಡುಕೊಂಡನು. ವಾಯುಮಂಡಲದ ಒತ್ತಡವು ಸಮುದ್ರಮಟ್ಟದಲ್ಲಿ ಹೊರಬಲ್ಲುದು ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬವನ್ನು ಮಾತ್ರ. ಮಂಗಳೂರಿನ ಕಡಲ ತಡಿಯಲ್ಲಿ ಈ ಲೆಕ್ಕ ಸರಿ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಕಡಿಮೆ. ಆದುದರಿಂದ ನೀರಿನ ಕಂಬವೂ ಅಲ್ಲಿ ಸುಮಾರು ಒಂದು ಮೀಟರಿನಷ್ಟು ಗಿಡ್ಡವಾಗುತ್ತದೆ. ಇದು ಪರಿಪೂರ್ಣ ನಿರ್ವಾತದ ಮಾತು. ವ್ಯವಹಾರದಲ್ಲಿ ಕೊಳವೆಯ ಘರ್ಷಣೆ, ಸಂದುಗಳಲ್ಲಿ ನುಸುಳುವ ಗಾಳಿ ಮೊದಲಾದ ಕಾರಣಗಳಿಂದ 7 ಮೀಟರಿನಷ್ಟು ಆಳದಿಂದ ನೀರನ್ನೆತ್ತುವುದೇ ಪ್ರಯಾಸಕರ. ಪಂಪನ್ನು ನೀರಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ, ಸಾಧ್ಯವಾದಷ್ಟು ತಗ್ಗಿನಲ್ಲಿ ನಿಲ್ಲಿಸಬೇಕೆಂಬ ನಿಯಮಕ್ಕೆ ಇದೇ ಆಧಾರ. ನೀರನ್ನು ಮೇಲಕ್ಕೆ ಒತ್ತುವುದಕ್ಕೆ ಇಂತಹ ಮಿತಿಯಿಲ್ಲ. ಎಂಜಿನ್ನಿನ ಶಕ್ತಿ ಮತ್ತು ಕೊಳವೆಯ ಗಟ್ಟಿತನ ಇರುವಷ್ಟು ಎತ್ತರಕ್ಕೆ ಅದನ್ನು ಒತ್ತಬಹುದು.

ಪಂಪಿನಿಂದ ಹೊರಟ ನೀರು ನಳಿಕೆಯನ್ನು ಸೇರುವವರೆಗಿನ ದಾರಿ ಸುಗಮವಾದುದಲ್ಲ. ನಾಲೆಯ ಕೊನೆಯಲ್ಲಿ ಹೊಲವಿರುವ ರೈತನ ಪಾಡನ್ನು ನಮ್ಮ ನಾಡಿನ ಜನರೆಲ್ಲರೂ ಬಲ್ಲರು. ಅಣೆಕಟ್ಟಿನ ಬಾಗಿಲಲ್ಲಿ ಎಷ್ಟೇ ನೀರು ಬಿಟ್ಟರೂ ತುದಿಗೆ ತಲುಪುವಾಗ ಅದು ಸೊರಗಿರುತ್ತದೆ. ನಳಿಕೆ ಹಿಡಿದವನ ಸ್ಥಿತಿಯೂ ಹೀಗೆಯೇ. ಆದರೆ ಇಲ್ಲಿ ಒಂದು ಭೇದವುಂಟು. ನಾಲೆಯಲ್ಲಿ ನೀರೇ ಕಡಿಮೆಯಾಗುತ್ತದೆ. ಸೋರದ ಕೊಳವೆಯಲ್ಲಿ ನೀರು ಕಡಿಮೆಯಾಗುವುದಿಲ್ಲ, ಅದರ ಒತ್ತಡ ಕಡಿಮೆಯಾಗುತ್ತದೆ. ಹರಿಯುವ ನೀರು ಕೊಳವೆಯ ಒಳಮೈಯನ್ನು ಉಜ್ಜುತ್ತ, ಸುಳಿಸುತ್ತಿಕೊಳ್ಳುತ್ತ ಸಾಗುವಾಗ ಒತ್ತಡದ ಒಂದು ಪಾಲು ಘರ್ಷಣೆಗೆ ತೆತ್ತುಹೋಗುತ್ತದೆ.

ಈ ವೆಚ್ಚವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒತ್ತಡವನ್ನು ಬಾರ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಬಾರ್ ಎಂದರೆ ಹೆಚ್ಚು ಕಡಿಮೆ 10 ಮೀಟರ್ ಎತ್ತರದ ನೀರಿನ ಕಂಬದ ಒತ್ತಡ. ಕಟ್ಟಡವೊಂದರಲ್ಲಿ ನೆಲದಿಂದ 15 ಮೀಟರ್ ಮೇಲೆ ಬೆಂಕಿ ಉರಿಯುತ್ತಿದೆ. ಪಂಪಿನಿಂದ ಅಲ್ಲಿಯವರೆಗೆ 63 ಮಿಲಿಮೀಟರ್ ವ್ಯಾಸದ ಕೊಳವೆಯನ್ನು 120 ಮೀಟರ್ ಉದ್ದಕ್ಕೆ ಹಾಸಲಾಗಿದೆ. ತುದಿಯಲ್ಲಿ 20 ಮಿಲಿಮೀಟರ್ ಬಾಯಿಯ ನಳಿಕೆಯಿದ್ದು, ಅಲ್ಲಿ 5 ಬಾರ್ ಒತ್ತಡ ಬೇಕಾಗಿದೆ. ಆ ಒತ್ತಡದಲ್ಲಿ ನಳಿಕೆಯಿಂದ ನಿಮಿಷಕ್ಕೆ ಸುಮಾರು 600 ಲೀಟರ್ ನೀರು ಹೊಮ್ಮುತ್ತದೆ. ಅಷ್ಟು ನೀರು ಅಷ್ಟು ಉದ್ದದ ಕೊಳವೆಯಲ್ಲಿ ಹರಿಯುವಾಗ ಘರ್ಷಣೆಗೆ ತೆರಬೇಕಾದ ಒತ್ತಡ 2 ಬಾರ್ ಎಂದು ಭಾವಿಸಬಹುದು. 15 ಮೀಟರ್ ಎತ್ತರಕ್ಕೆ ಏರಲು 1.5 ಬಾರ್ ಬೇಕು. ನಳಿಕೆಗೆ 5, ಎತ್ತರಕ್ಕೆ 1.5, ಘರ್ಷಣೆಗೆ 2, ಒಟ್ಟು 8.5 ಬಾರ್ ಒತ್ತಡವನ್ನು ಪಂಪು ಕೊಡಬೇಕು. ಮನೆಯ ಯಜಮಾನನು ತಿಂಗಳ ಮೊದಲಲ್ಲಿ ಬಾಡಿಗೆ, ದಿನಸಿ, ಮಕ್ಕಳ ಶುಲ್ಕ ಎಂದು ಖರ್ಚನ್ನು ಕೂಡಿಸಿ ನೋಡುವಂತೆ ಪಂಪು ಚಾಲಕನು ಈ ಲೆಕ್ಕವನ್ನು ಮನಸ್ಸಿನಲ್ಲಿಯೇ, ಕೆಲವೇ ಕ್ಷಣಗಳಲ್ಲಿ ಮಾಡುತ್ತಾನೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ? ನಳಿಕೆಯಲ್ಲಿ 5 ಬಾರ್ ಬೇಕೆಂದು ಚಾಲಕನು ಪಂಪಿನಲ್ಲಿಯೂ 5 ಬಾರ್ ಮಾತ್ರ ಇರಿಸಿದನೆನ್ನೋಣ. ಎತ್ತರ ತನ್ನ 1.5 ಬಾರನ್ನು ಬಿಡದೆ ವಸೂಲು ಮಾಡುತ್ತದೆ. ಉಳಿದ 3.5 ಬಾರನ್ನು ಘರ್ಷಣೆಯೂ ನಳಿಕೆಯೂ 2 ಮತ್ತು 5ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ನಳಿಕೆಗೆ ಸಿಕ್ಕುವುದು 2.5 ಬಾರ್, ಬೇಕಾದುದರ ಅರ್ಧ. ಧಾರೆ ಸೊರಗುತ್ತದೆ. ಬೆಂಕಿಯ ಮುಂದೆ ನಿಂತವನಿಗೆ ಅದರ ಅರ್ಥ ಒಡನೆಯೇ ತಿಳಿಯುತ್ತದೆ. ಕೆಳಗೆ ಪಂಪಿನ ಬಳಿ ನಿಂತವನಿಗೆ ಮಾಪಕದ ಮುಳ್ಳಿನ ಹೊರತು ಬೇರೇನೂ ಕಾಣದು.

ಘರ್ಷಣೆಯ ಸ್ವಭಾವದಲ್ಲಿ ಎರಡು ವಿಶೇಷಗಳಿವೆ. ಹರಿವು ಇಮ್ಮಡಿಯಾದರೆ ನಷ್ಟ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ. ಅದೇ ಕೊಳವೆಯಲ್ಲಿ ನಿಮಿಷಕ್ಕೆ 1,200 ಲೀಟರ್ ಹರಿಸಹೊರಟರೆ 2 ಬಾರಿನ ಎಡೆಯಲ್ಲಿ 8 ಬಾರ್ ನಷ್ಟವಾಗುತ್ತದೆ. ಹಾಗಲ್ಲದೆ ಅದೇ 600 ಲೀಟರನ್ನು ಎರಡು ಸಾಲು ಕೊಳವೆಗಳಲ್ಲಿ ಹಂಚಿ ಕಳುಹಿಸಿದರೆ, ಒಂದೊಂದರಲ್ಲಿಯೂ 300 ಲೀಟರ್ ಮಾತ್ರ ಹರಿದು ನಷ್ಟವು ಅರ್ಧ ಬಾರಿಗೆ ಇಳಿಯುತ್ತದೆ. ಎರಡನೆಯ ವಿಶೇಷವು ಕೊಳವೆಯ ಅಗಲಕ್ಕೆ ಸಂಬಂಧಿಸಿದ್ದು. ಹರಿವು ಅಷ್ಟೇ ಇದ್ದು ವ್ಯಾಸವನ್ನು ಎರಡರಷ್ಟು ಮಾಡಿದರೆ ನಷ್ಟವು ಸುಮಾರು ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದೂರದಿಂದ ನೀರು ತರುವಾಗ ಅಗಲವಾದ ಕೊಳವೆಗಳನ್ನು ಏಕೆ ಬಳಸುತ್ತಾರೆ, ಕೊಳವೆ ಒಂದೆಡೆ ಮಡಿಸಿಕೊಂಡರೂ ಮೇಲಿನವನ ಧಾರೆ ಏಕೆ ಬಡವಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಪಂಪನ್ನು ಅದರ ಪೂರ್ಣಶಕ್ತಿಯಿಂದ ನಡೆಸಿದರೆ ಆಗದೆ? ಆಗದು. 5 ಬಾರ್ ಒತ್ತಡದಲ್ಲಿ ನೀರು ನಳಿಕೆಯಿಂದ ಸೆಕೆಂಡಿಗೆ ಸುಮಾರು 32 ಮೀಟರ್ ವೇಗದಲ್ಲಿ ಹೊರಡುತ್ತದೆ. ಇದು ಗಂಟೆಗೆ 110 ಕಿಲೋಮೀಟರಿಗೂ ಮೀರಿದ ವೇಗ. ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆಂಬ ನ್ಯೂಟನ್ನನ ನಿಯಮದಂತೆ, ಮುಂದಕ್ಕೆ ಧಾವಿಸುವ ನೀರು ನಳಿಕೆಯನ್ನು ಹಿಂದಕ್ಕೆ ನೂಕುತ್ತದೆ. ಮೇಲಿನ ಉದಾಹರಣೆಯಲ್ಲಿ ಆ ಬಲವು ಸುಮಾರು 32 ಕಿಲೋಗ್ರಾಂ ಭಾರಕ್ಕೆ ಸಮ. ನಳಿಕೆಯ ಒತ್ತಡವನ್ನು 10 ಬಾರಿಗೆ ಏರಿಸಿದರೆ ಅದು ಸುಮಾರು 64 ಕಿಲೋಗ್ರಾಂ ಭಾರದಷ್ಟಾಗುತ್ತದೆ. ಒದ್ದೆ ನೆಲದ ಮೇಲೆ, ಹೊಗೆಯ ನಡುವೆ, ಕೆಲವೊಮ್ಮೆ ಏಣಿಯ ಮೇಲೆ ನಿಂತು ಈ ಬಲವನ್ನು ತಡೆಯಬೇಕಾದವನು ಮನುಷ್ಯ. ಅವನ ಕೈತಪ್ಪಿದ ನಳಿಕೆಯು ಹೆಡೆಯೆತ್ತಿದ ಹಾವಿನಂತೆ ಹೊರಳಾಡಿ ಹತ್ತಿರದವರನ್ನು ಗಾಯಗೊಳಿಸಬಲ್ಲದು. ಒತ್ತಡ ಕಡಿಮೆಯಾದರೂ ಅಪಾಯ, ಹೆಚ್ಚಾದರೂ ಅಪಾಯ. ಎರಡರ ನಡುವಿನ ಸರಿಯಾದ ಎಡೆಯನ್ನು ಕಾಯುವುದೇ ಚಾಲಕನ ಕೌಶಲ.

ಧಾರೆಯ ರೂಪವನ್ನೂ ಅಗತ್ಯಕ್ಕೆ ತಕ್ಕಂತೆ ಬದಲಿಸುತ್ತಾರೆ. ದೂರದ ಬೆಂಕಿಗೆ ಗಟ್ಟಿಧಾರೆ ಬೇಕು. ಹತ್ತಿರದ ಉರಿಗೆ ತುಂತುರು ಹೆಚ್ಚು ಉಪಯುಕ್ತ. ಒಂದು ಲೀಟರ್ ನೀರನ್ನು ಒಂದು ಮಿಲಿಮೀಟರ್ ವ್ಯಾಸದ ಹನಿಗಳಾಗಿ ಒಡೆದರೆ ಸುಮಾರು 19 ಲಕ್ಷ ಹನಿಗಳಾಗುತ್ತವೆ. ಅವುಗಳ ಮೇಲ್ಮೈಯ ಒಟ್ಟು ವಿಸ್ತೀರ್ಣ 6 ಚದರ ಮೀಟರ್. ಶಾಖವನ್ನು ಹೀರುವ ಮೈ ಹೀಗೆ ಹಿಗ್ಗಿದಾಗ ನೀರು ಬೇಗನೆ ಆವಿಯಾಗಿ ಬೆಂಕಿಯನ್ನು ತಣಿಸುತ್ತದೆ. ತುಂತುರಿನ ತೆರೆಯು ನಳಿಕೆ ಹಿಡಿದವನನ್ನು ಝಳದಿಂದಲೂ ಕಾಪಾಡುತ್ತದೆ.

ನೀರು ಎಷ್ಟು ಹೊತ್ತು ಬರುತ್ತದೆಂಬುದು ಮತ್ತೊಂದು ಚಿಂತೆ. ವಾಹನದ ತೊಟ್ಟಿಯಲ್ಲಿ 4,500 ಲೀಟರ್ ನೀರಿದ್ದರೆ, ನಿಮಿಷಕ್ಕೆ 600 ಲೀಟರಿನಂತೆ ಅದು ಏಳೂವರೆ ನಿಮಿಷಗಳಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಕೆರೆ, ಬಾವಿ, ನೆಲತೊಟ್ಟಿ ಅಥವಾ ಬೀದಿಯ ನೀರಿನ ಕೊಳಾಯಿಯಿಂದ ಹೊಸ ನೀರು ಬಂದು ಸೇರುವಂತೆ ನೋಡಿಕೊಳ್ಳಬೇಕು. ನಳಿಕೆ ಹಿಡಿದವನು ಉರಿಯುವ ಕೋಣೆಯೊಳಗೆ ಇರುವಾಗ ತೊಟ್ಟಿ ಬರಿದಾದರೆ ಅವನ ಕೈಯ ಆಯುಧವೇ ಕಳಚಿಹೋದಂತೆ. ಆದುದರಿಂದ ಚಾಲಕನ ಒಂದು ಕಣ್ಣು ಒತ್ತಡಮಾಪಕದ ಮೇಲಿದ್ದರೆ ಇನ್ನೊಂದು ಕಣ್ಣು ತೊಟ್ಟಿಯ ಮಟ್ಟದ ಮೇಲಿರುತ್ತದೆ.

ಅವನ ಕಿವಿಯೂ ಎಚ್ಚರವಾಗಿರಬೇಕು. ಬರುವ ನೀರಿಗಿಂತ ಹೆಚ್ಚು ನೀರನ್ನು ಪಂಪು ಬಯಸಿದಾಗ ಚಕ್ರದ ಬಾಯಲ್ಲಿ ಒತ್ತಡ ಬಹಳ ಇಳಿದು, ತಣ್ಣೀರಿನಲ್ಲಿಯೇ ಆವಿಯ ಗುಳ್ಳೆಗಳು ಏಳುತ್ತವೆ. ಅವು ಒಡೆಯುವಾಗ ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂತಹ ಸದ್ದು ಕೇಳುತ್ತದೆ. ಬಲ್ಲ ಚಾಲಕನು ಆಗ ವೇಗವನ್ನು ಹೆಚ್ಚಿಸುವುದಿಲ್ಲ, ತಗ್ಗಿಸುತ್ತಾನೆ. ನಳಿಕೆಯನ್ನು ಮುಚ್ಚುವುದರಲ್ಲಿಯೂ ಒಂದು ಸಂಯಮ ಬೇಕು. ಓಡುತ್ತಿರುವ ನೀರನ್ನು ತಟಕ್ಕನೆ ತಡೆದರೆ ಅದರ ವೇಗವೆಲ್ಲ ಒತ್ತಡದ ಪೆಟ್ಟಾಗಿ ಕೊಳವೆಯುದ್ದಕ್ಕೂ ಹಿಂದಕ್ಕೆ ಸಾಗುತ್ತದೆ. ಕೊಳವೆ ಬಿರಿಯಬಹುದು, ಪಂಪಿಗೂ ಹಾನಿಯಾಗಬಹುದು. ಒಂದೇ ಸಾಲಿನಿಂದ ಇಬ್ಬರು ನೀರು ಪಡೆಯುತ್ತಿರುವಾಗ ಒಬ್ಬನು ನಳಿಕೆಯನ್ನು ಮುಚ್ಚಿದರೆ, ಹರಿವು ತಗ್ಗಿ ಘರ್ಷಣೆಯ ನಷ್ಟ ಕಡಿಮೆಯಾಗಿ, ಇನ್ನೊಬ್ಬನ ಕೈಯಲ್ಲಿ ಒತ್ತಡ ಏಕಾಏಕಿ ಏರುತ್ತದೆ. ಆದಕಾರಣ ತೆರೆಯುವುದಾಗಲಿ ಮುಚ್ಚುವುದಾಗಲಿ ನಿಧಾನವಾಗಿ, ಪರಸ್ಪರ ಸೂಚನೆಯೊಡನೆ ನಡೆಯಬೇಕು.

ಇಷ್ಟೆಲ್ಲ ಜ್ಞಾನವಿದ್ದರೂ ಮಾನವನು ಸೋತ ಸಂದರ್ಭಗಳುಂಟು. 1906ರ ಏಪ್ರಿಲ್ 18ರ ಬೆಳಗಿನ ಜಾವ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಭೂಮಿ ನಡುಗಿತು. ನೆಲದೊಳಗಿನ ನೀರಿನ ಕೊಳವೆಗಳು ಒಡೆದುಹೋದವು. ಅಲ್ಲಲ್ಲಿ ಎದ್ದ ಬೆಂಕಿಯನ್ನು ಆರಿಸಲು ಪಂಪುಗಳಿದ್ದವು, ಅವುಗಳನ್ನು ನಡೆಸಬಲ್ಲವರಿದ್ದರು. ಆದರೆ ಅನೇಕ ಕಡೆ ಕೊಳಾಯಿಗಳಲ್ಲಿ ನೀರು ಬರಲಿಲ್ಲ. ಬೆಂಕಿ ಮೂರು ದಿನಗಳಿಗೂ ಹೆಚ್ಚು ಕಾಲ ನಗರವನ್ನು ದಹಿಸಿತು. ಮುಂದೆ ಆ ನಗರದವರು ಅಗ್ನಿಶಾಮಕ ಕಾರ್ಯಕ್ಕೆಂದೇ ಪ್ರತ್ಯೇಕವಾದ ಕೊಳವೆಗಳ ಜಾಲವನ್ನೂ, ಗುಡ್ಡದ ಮೇಲೊಂದು ಜಲಾಶಯವನ್ನೂ, ಬೀದಿಗಳ ಕೆಳಗೆ ನೀರಿನ ತೊಟ್ಟಿಗಳನ್ನೂ ನಿರ್ಮಿಸಿಕೊಂಡರು.

ನಮ್ಮ ದೇಶದ ಅನುಭವವು ಇದಕ್ಕಿಂತ ಭಿನ್ನವಾದುದು. 1944ರ ಏಪ್ರಿಲ್ 14ರ ಮಧ್ಯಾಹ್ನ, ಮುಂಬಯಿಯ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಹತ್ತಿಯ ಮೂಟೆಗಳೂ ಭಾರಿ ಪ್ರಮಾಣದ ಸ್ಫೋಟಕಗಳೂ ಅದೇ ಹಡಗಿನಲ್ಲಿದ್ದವು. ಅಲ್ಲಿ ನೀರಿಗೆ ಕೊರತೆಯಿರಲಿಲ್ಲ, ಸಮುದ್ರವೇ ಎದುರಿಗಿತ್ತು. ಅಗ್ನಿಶಾಮಕ ದಳದವರು 900 ಟನ್ನಿಗೂ ಹೆಚ್ಚು ನೀರನ್ನು ಹಡಗಿನೊಳಗೆ ಹರಿಸಿದರು. ಆದರೆ ದಟ್ಟವಾದ ಹೊಗೆಯಲ್ಲಿ ಬೆಂಕಿಯ ಮೂಲ ಎಲ್ಲಿದೆಯೆಂಬುದು ಗೋಚರಿಸಲಿಲ್ಲ. ಸುರಿದ ನೀರು ಕುದಿಯತೊಡಗಿತೇ ಹೊರತು ಒಳಗಿನ ಕಿಚ್ಚು ಆರಲಿಲ್ಲ. ಸಂಜೆ ನಾಲ್ಕು ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಹಡಗು ಸಿಡಿಯಿತು. ಸ್ವಲ್ಪ ಹೊತ್ತಿನ ಬಳಿಕ ಇನ್ನೂ ಘೋರವಾದ ಎರಡನೆಯ ಸ್ಫೋಟವಾಯಿತು. ಕರ್ತವ್ಯದ ಎಡೆಯನ್ನು ಬಿಟ್ಟು ಕದಲದೆ ನಿಂತಿದ್ದ ಅಗ್ನಿಶಾಮಕ ದಳದ 66 ಮಂದಿ ಪ್ರಾಣವನ್ನು ತೆತ್ತರು. ಅವರ ನೆನಪಿಗಾಗಿ ಪ್ರತಿವರ್ಷ ಏಪ್ರಿಲ್ 14ನ್ನು ಭಾರತದಲ್ಲಿ ಅಗ್ನಿಶಾಮಕ ಸೇವಾ ದಿನವನ್ನಾಗಿ ಆಚರಿಸಲಾಗುತ್ತದೆ.

ಒಂದೆಡೆ ಪಂಪಿದ್ದು ನೀರಿರಲಿಲ್ಲ. ಮತ್ತೊಂದೆಡೆ ನೀರಿದ್ದು ಅದು ಬೆಂಕಿಯ ನೆಲೆಯನ್ನು ಮುಟ್ಟಲಿಲ್ಲ. ಬಾವಿಯಿಂದ ಉರಿಯವರೆಗಿನ ದಾರಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಪರಿಣಾಮ ಒಂದೇ ಎಂಬುದನ್ನು ಈ ಎರಡು ದುರಂತಗಳು ಸಾರುತ್ತವೆ. ಆ ಕೊಂಡಿಗಳಲ್ಲಿ ಕೆಲವು ಸಾಮಾನ್ಯ ನಾಗರಿಕರ ಕೈಯಲ್ಲಿಯೂ ಇವೆ. ಬೀದಿಯ ನೀರಿನ ಕೊಳಾಯಿಗೆ ಅಡ್ಡವಾಗಿ ವಾಹನ ನಿಲ್ಲಿಸುವವನು, ರಸ್ತೆಯ ಮೇಲೆ ಹಾಸಿದ ಕೊಳವೆಯನ್ನು ತುಳಿದು ವಾಹನ ಓಡಿಸುವವನು, ಕಟ್ಟಡದಲ್ಲಿ ಅಗ್ನಿರಕ್ಷಣೆಗೆಂದು ಇರಿಸಿದ ತೊಟ್ಟಿಯ ನೀರನ್ನು ಬೇರೆ ಬಳಕೆಗೆ ಬರಿದು ಮಾಡುವವನು ತನಗರಿಯದೆಯೇ ಯಾರದೋ ಪ್ರಾಣಕ್ಕೆ ಸಂಚಕಾರ ತರುತ್ತಾನೆ. ಒಂದು ಕೊಳವೆ ಒತ್ತಿಹೋದ ಕ್ಷಣದಲ್ಲಿ ಮೇಲಿನ ಅಂತಸ್ತಿನಲ್ಲಿ ಒಂದು ಧಾರೆ ಬತ್ತುತ್ತದೆ.

ಬೆಂಕಿ ಆರಿದ ಮೇಲೆ ಜನರ ಮೆಚ್ಚುಗೆಯ ದೃಷ್ಟಿಯು ಹೊಗೆಯಿಂದ ಹೊರಬಂದ ನಳಿಕೆಯವನ ಮೇಲೆ ಬೀಳುವುದು ಸಹಜ. ಅದಕ್ಕೆ ಅವನು ಅರ್ಹನೂ ಹೌದು. ಆದರೆ ಬೀದಿಯ ತಿರುವಿನಲ್ಲಿ, ಬೆಂಕಿ ಕಾಣದ ಎಡೆಯಲ್ಲಿ, ಅಷ್ಟು ಹೊತ್ತೂ ಮಾಪಕದ ಮುಳ್ಳಿನಿಂದ ಕಣ್ಣು ಕೀಳದೆ ನಿಂತಿದ್ದವನೊಬ್ಬನಿದ್ದಾನೆ. ಅವನು ಈಗ ಎಂಜಿನ್ನಿನ ವೇಗವನ್ನು ಮೆಲ್ಲನೆ ಇಳಿಸುತ್ತಾನೆ. ಕವಾಟಗಳನ್ನು ಒಂದೊಂದಾಗಿ ಮುಚ್ಚುತ್ತಾನೆ. ಕೊಳವೆಗಳಲ್ಲಿ ಉಳಿದ ನೀರನ್ನು ಬಸಿದು ಸುತ್ತಿಡಲು ನೆರವಾಗುತ್ತಾನೆ. ತೊಟ್ಟಿಯನ್ನು ಮತ್ತೆ ತುಂಬಿಸಿದ ಹೊರತು ಅವನ ಕೆಲಸ ಮುಗಿಯುವುದಿಲ್ಲ. ಮುಂದಿನ ಕರೆ ಯಾವ ಗಳಿಗೆಯಲ್ಲಿ ಬರುವುದೋ ಯಾರೂ ಅರಿಯರು.